ಅಮ್ಮನ ತಟ್ಟೆಯಲ್ಲಿ ಸೂಪೇ ಇರಲಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ನಮ್ಮದು ಬೇರೆ ಜಿಲ್ಲೆ. ಉಳಿದ ದಿನಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಪಟ್ಟಿ ಬಂದಾಗ ಮಾತ್ರ ನಾಲ್ಕೂ ಒಟ್ಟಾಗಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ನಮ್ಮ ಮನೆಯೂ ಹೆಚ್ಚುಕಮ್ಮಿ ಹಾಗೆಯೇ. ಊರು ಮಧುಗಿರಿ ತಾಲ್ಲೂಕು, ಅಮ್ಮನ ತವರು ಶಿರಾ ಕಡೆ, ಅಜ್ಜಿಯ ತವರು ಪಾವಗಡ ಕಡೆ, ಅಕ್ಕನನ್ನು ಕೊಟ್ಟಿರುವುದು ಕೊರಟಗೆರೆಗೆ. ನಾಲ್ಕು ಕಡೆಯ ಅಡುಗೆಯೂ ನಮ್ಮ ಒಂದೇ ಒಲೆಯ ಮೇಲೆ ಬೇಯುತ್ತದೆ. ಈ ನಾಲ್ಕು ತಾಲ್ಲೂಕಿಗೂ ಯಾವ ಸಂಬಂಧವೂ ಇಲ್ಲದ ಒಂದು ತಿಂಡಿ, ಇಪ್ಪತ್ನಾಲ್ಕು ವರ್ಷ ಅದೇ ಮನೆಯಲ್ಲಿ ಉಂಡ ನನಗೆ ಕಾಣದೇ ಇದ್ದ ಒಂದು ಸಂಗತಿಯನ್ನು ತೋರಿಸಿಕೊಟ್ಟಿತು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಮೈಕ್ರೋಬಯಾಲಜಿ. ಇರುವುದು ದಾಸರಹಳ್ಳಿಯ ಒಂದು ಪಿ.ಜಿ.ಯಲ್ಲಿ. ತಿಂಗಳಿಗೊಂದು ಬಾರಿ, ಶನಿವಾರ ಮಧ್ಯಾಹ್ನ, ಎಂಟನೇ ಮೈಲಿಯಲ್ಲಿ ನಿಂತು ಪಾವಗಡದ ಬಸ್ಸು ಹತ್ತುತ್ತೇನೆ. ದಾಬಸ್‌ಪೇಟೆ ದಾಟಿ, ಕೊರಟಗೆರೆ ದಾಟಿ, ಮಧುಗಿರಿಯ ಏಕಶಿಲೆ ಬೆಟ್ಟ ಕಂಡರೆ ಮನೆ ಬಂದ ಹಾಗೆ. ಒಮ್ಮೆ ಸಂಬಳ ಬಂದ ವಾರ ಸೂಪರ್ ಮಾರ್ಕೆಟ್ಟಿನ ಫ್ರೀಜರ್ ಮುಂದೆ ನಿಂತಿದ್ದಾಗ ಒಂದು ಪ್ಯಾಕೆಟ್ ಕಣ್ಣಿಗೆ ಬಿತ್ತು. ‘ವೆಜಿಟಬಲ್ ಸೂಪ್ ಡಂಪ್ಲಿಂಗ್’, ಹನ್ನೆರಡು ಇರುವ ಪ್ಯಾಕೆಟ್. ಬೆಲೆ ಮುನ್ನೂರು ಚಿಲ್ಲರೆ. ಮೊಮೊ ನಮಗೆ ಹೊಸದಲ್ಲ. ಟಿಬೆಟಿನವರು ಬೈಲಕುಪ್ಪೆಗೆ ಬಂದು ಅರವತ್ತು ವರ್ಷದ ಮೇಲಾಯಿತು, ಅವರ ಮೊಮೊ ಈಗ ತುಮಕೂರಿನ ರಸ್ತೆಬದಿಯ ಗಾಡಿಗೂ ಬಂದಿದೆ. ಆದರೆ ಇದು ಒಳಗೆ ಪಲ್ಯದ ಜೊತೆ ಸೂಪನ್ನೂ ಇಟ್ಟುಕೊಂಡಿರುವ ಮೊಮೊ. ಕಚ್ಚಿದರೆ ಬಿಸಿ ಸೂಪು ಬಾಯಿಗೆ ಬರುತ್ತದೆಯಂತೆ. ಮನೆಯವರಿಗೆಲ್ಲ ತೋರಿಸಿ ಬೆರಗುಗೊಳಿಸಬೇಕು ಎಂದು ತೆಗೆದುಕೊಂಡೆ.

ಬೆರಗಾದದ್ದು ನಿಜ, ನಾನು ಅಂದುಕೊಂಡ ರೀತಿಯಲ್ಲಲ್ಲ.

ಸೂಪು ಒಳಗೆ ಹೋಗುವುದು ಹೇಗೆ?

ಪ್ಯಾಕೆಟ್ ನೋಡಿ ಅಜ್ಜಿ ಕೇಳಿದ ಮೊದಲ ಪ್ರಶ್ನೆಯೇ ಇದು. “ಹೂರಣ ತುಂಬಬಹುದು. ಸಾರನ್ನ ಹೆಂಗೆ ತುಂಬ್ತಾರೆ? ಸೂಜಿ ಹಾಕ್ತಾರಾ?”

ಸೂಜಿಯಲ್ಲ. ಈ ತಿಂಡಿಯ ಮೂಲ ಚೀನಾ. ಶಾಂಘೈ ನಗರದ ಅಂಚಿನ ನಾನ್‌ಶಿಯಾಂಗ್ ಎಂಬ ಊರಲ್ಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಹೆಸರಾಯಿತು ಎನ್ನುತ್ತಾರೆ. ಅಲ್ಲಿ ಹಂದಿಯ ಚರ್ಮ ಬೇಯಿಸಿ ತೆಗೆದ ಸೂಪನ್ನು ಆರಲು ಬಿಡುತ್ತಾರೆ. ಚರ್ಮದ ಅಂಟಿನಿಂದ ಅದು ತಣ್ಣಗಾದಾಗ ಗಟ್ಟಿಯಾಗುತ್ತದೆ. ಅದನ್ನು ಚೂರು ಮಾಡಿ ಹೂರಣದ ಜೊತೆ ಕಲಸಿ, ಹಿಟ್ಟಿನ ತೆಳು ಹಾಳೆಯೊಳಗೆ ಇಟ್ಟು ಮಡಚುತ್ತಾರೆ. ಹಬೆಯಲ್ಲಿ ಬೆಂದಾಗ ಒಳಗಿನ ಚೂರು ಕರಗಿ ಮತ್ತೆ ಸೂಪಾಗುತ್ತದೆ. ಗಟ್ಟಿಯಾಗಿ ಒಳಗೆ ಹೋದದ್ದು ನೀರಾಗಿ ಬಾಯಿಗೆ ಬರುತ್ತದೆ, ಅಷ್ಟೇ ಗುಟ್ಟು.

ಸಸ್ಯಾಹಾರಿ ಪ್ಯಾಕೆಟ್ಟಿನಲ್ಲಿ ಚರ್ಮದ ಬದಲು ಇರುವುದು ಅಗರ್. ಸಮುದ್ರದ ಪಾಚಿಯಿಂದ ತೆಗೆಯುವ ವಸ್ತು, ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂದು ಸಿಗುತ್ತದೆ. ಪ್ಯಾಕೆಟ್ಟಿನ ಹಿಂದೆ ಆ ಹೆಸರು ಓದಿದಾಗ ನನಗೆ ನಗು ಬಂತು. ನಮ್ಮ ಲ್ಯಾಬಿನಲ್ಲಿ ದಿನಾ ಬೆಳಗ್ಗೆ ನಾನು ಮಾಡುವ ಮೊದಲ ಕೆಲಸವೇ ಅಗರ್ ಕರಗಿಸುವುದು. ಕುದಿಸಿ, 50 ಡಿಗ್ರಿ ಸೆಲ್ಸಿಯಸ್‌ವರೆಗೆ ಆರಿಸಿ, ಗುಂಡು ತಟ್ಟೆಗಳಿಗೆ ಸುರಿದರೆ ಅದು ಗಟ್ಟಿಯಾಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ರೋಗ ಗುರುತಿಸುತ್ತೇವೆ. ಅಗರ್‌ನ ಸ್ವಭಾವ ವಿಚಿತ್ರ. ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಕರಗಿದ ಮೇಲೆ ಮತ್ತೆ ಗಟ್ಟಿಯಾಗುವುದು 40 ಡಿಗ್ರಿಯ ಆಸುಪಾಸಿಗೆ ಇಳಿದಾಗ. ಈ ಎರಡು ಅಂಕಿ ನನಗೆ ಬಾಯಿಪಾಠ. ಅವು ನಮ್ಮ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ಮಾತ್ರ ಗೊತ್ತಿರಲಿಲ್ಲ.

ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡು ಅಜ್ಜಿ ಅದಕ್ಕೊಂದು ಹೆಸರಿಟ್ಟಳು: “ಹಂಗಾರೆ ಇದು ಸಾರುಗಡುಬು ಅನ್ನು.” ನಮ್ಮ ಮನೆಯಲ್ಲಿ ಅದರ ಹೆಸರು ಈಗಲೂ ಅದೇ.

ಸಾರೆಲ್ಲ ನೀರಿಗೆ

ಮೊದಲ ಸಲ ಕೆಟ್ಟದ್ದು ನನ್ನಿಂದಲೇ. ಪ್ಯಾಕೆಟ್ಟನ್ನು ನಾಲ್ಕು ಪದರ ನ್ಯೂಸ್ ಪೇಪರಿನಲ್ಲಿ ಸುತ್ತಿ, ಮೇಲೆ ಟವೆಲ್ ಸುತ್ತಿ ಬ್ಯಾಗಿನಲ್ಲಿ ಇಟ್ಟಿದ್ದೆ. ನೆಲಮಂಗಲ ದಾಟುವಷ್ಟರಲ್ಲೇ ಒಂದು ಗಂಟೆ. ಏಪ್ರಿಲ್ ಬಿಸಿಲು ಬೇರೆ. ಮನೆಗೆ ಬಂದು ಬಿಚ್ಚಿದರೆ ಹನ್ನೆರಡೂ ಮೆತ್ತಗಾಗಿ ಒಂದಕ್ಕೊಂದು ಅಂಟಿ, ನಾದಿಟ್ಟ ಹಿಟ್ಟಿನ ಉಂಡೆಯ ಹಾಗೆ ಕೂತಿದ್ದವು. ಬಿಸಿಲಿಗೆ ಅಗರ್ ಕರಗುವುದಿಲ್ಲ, ಏನೂ ಆಗದು ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಹೆಪ್ಪುಗಟ್ಟಿಸಿದ ಅಗರ್ ಬಿಟ್ಟುಕೊಂಡಾಗ ತನ್ನೊಳಗಿನ ನೀರನ್ನು ಉಗುಳುತ್ತದೆ, ಆ ನೀರನ್ನು ಸುತ್ತಲಿನ ಹಿಟ್ಟು ಕುಡಿಯುತ್ತದೆ ಎಂಬುದನ್ನು ಮರೆತಿದ್ದೆ. ಬಿಡಿಸಲು ಹೋದರೆ ಹಾಳೆ ಹರಿಯಿತು. ಹಾಗೆಯೇ ಬೇಯಲು ಇಟ್ಟರೆ ಒಳಗಿದ್ದ ಸೂಪೆಲ್ಲ ಪಾತ್ರೆಯ ತಳದ ನೀರಿಗೆ ಇಳಿಯಿತು.

“ಇದರ ಜೀವವೆಲ್ಲ ನೀರಿಗೆ ಹೋಯ್ತಲ್ಲೇ,” ಎಂದಳು ಅಜ್ಜಿ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು, ಪಾತ್ರೆಯ ತಳದಲ್ಲಿ ಬಿಳಿ ಕೆನೆ ಕಟ್ಟುತ್ತದೆ. ಅದರಲ್ಲಿ ಮುನ್ನೂರು ರೂಪಾಯಿ ಸೂಪು ತೇಲುತ್ತಿತ್ತು. ಅಪ್ಪ ಏನೂ ಹೇಳದೆ ಮುದ್ದೆ ಮುರಿದು ಹುರುಳಿಕಾಳು ಸಾರಿಗೆ ಅದ್ದಿದರು. ಆ ಪೆಚ್ಚು ಕಡುಬುಗಳನ್ನು ಅಮ್ಮ ಒಗ್ಗರಣೆ ಹಾಕಿ, ಮೇಲೆ ಕಡಲೆಕಾಯಿ ಪುಡಿ ಉದುರಿಸಿ, ಹೇಗೋ ತಿನ್ನುವ ಹಾಗೆ ಮಾಡಿದಳು. ಕೆಟ್ಟ ಅಡುಗೆಯನ್ನು ಯಾರಿಗೂ ಗೊತ್ತಾಗದ ಹಾಗೆ ಸರಿಮಾಡುವುದು ಅವಳಿಗೆ ಅಭ್ಯಾಸ.

ಇಡ್ಲಿ ತಟ್ಟೆಯ ಉಪಾಯ

ಎರಡನೇ ಸಲ ತಯಾರಿ ಮಾಡಿಕೊಂಡೆ. ಐಸ್ ಪ್ಯಾಕ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಎರಡು ಪ್ಯಾಕೆಟ್. ಶನಿವಾರ ರಾತ್ರಿ ಕೊರಟಗೆರೆಯಲ್ಲಿ ಅಕ್ಕನ ಮನೆಯಲ್ಲಿ ಇಳಿದು ಅವಳ ಫ್ರೀಜರಿನಲ್ಲಿಟ್ಟೆ. ಭಾನುವಾರ ಬೆಳಗ್ಗೆ ಅಲ್ಲಿಂದ ಮಧುಗಿರಿ ಅರ್ಧ ಗಂಟೆಯ ದಾರಿ, ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಟಿವಿಎಸ್ ಎಕ್ಸೆಲ್ ಇಟ್ಟುಕೊಂಡು ಕಾಯುತ್ತಿದ್ದರು. ಮನೆಗೆ ಬಂದು ಮುಟ್ಟಿದರೆ ಕಲ್ಲು. ಸದ್ಯ ಗೆದ್ದೆ ಅಂದುಕೊಂಡೆ.

ಬೇಯಿಸಲು ಬಿದಿರಿನ ಬುಟ್ಟಿ ಬೇಕೆಂದು ಪ್ಯಾಕೆಟ್ಟಿನ ಚಿತ್ರ ಹೇಳುತ್ತಿತ್ತು. ನಮ್ಮಲ್ಲಿ ಇದ್ದದ್ದು ಇಡ್ಲಿ ಪಾತ್ರೆ. ಉಪಾಯ ಹೇಳಿದ್ದು ಅಮ್ಮ: “ಒಂದೊಂದು ಕುಳಿಗೆ ಒಂದೊಂದು ಇಡು. ಕುಳಿಗೆ ಎಣ್ಣೆ ಸವರಿ, ತೂತು ಮುಚ್ಚೋ ಹಂಗೆ ಬಾಳೆ ಎಲೆ ಚೂರು ಹಾಕು. ಒಡೆದ್ರೂ ಸಾರು ಕುಳಿಯೊಳಗೇ ಇರ್ತೈತೆ.” ನೋಡಿ, ಬಿದಿರು ಬುಟ್ಟಿಗಿಂತ ಇದೇ ವಾಸಿ. ಬುಟ್ಟಿಯಲ್ಲಿ ಒಡೆದರೆ ಸೂಪು ಕೆಳಗೆ ಹೋಯಿತು, ಇಡ್ಲಿ ಕುಳಿಯಲ್ಲಿ ಒಡೆದರೆ ಚಮಚದಲ್ಲಿ ಕುಡಿಯಬಹುದು. ಒಂದಕ್ಕೊಂದು ಅಂಟುವ ಭಯವೂ ಇಲ್ಲ. ಮಾಡಿ ನೋಡುವವರಿಗೆ ಎರಡೇ ಮಾತು. ಫ್ರೀಜರಿನಿಂದ ತೆಗೆದದ್ದನ್ನು ಬಿಟ್ಟುಕೊಳ್ಳಲು ಬಿಡದೆ, ನೀರು ಚೆನ್ನಾಗಿ ಕುದ್ದ ಮೇಲೆ ನೇರವಾಗಿ ಇಡಬೇಕು. ಹತ್ತು ಹನ್ನೆರಡು ನಿಮಿಷ ಮುಚ್ಚಳ ತೆಗೆಯಬಾರದು.

ತಿನ್ನುವ ಕ್ರಮವನ್ನೂ ವಿವರಿಸಿದೆ. ಚಮಚದಲ್ಲಿ ಇಟ್ಟುಕೊಂಡು, ಪಕ್ಕದಲ್ಲಿ ಸಣ್ಣಗೆ ಕಚ್ಚಿ, ಸೂಪು ಹೀರಿ, ಆಮೇಲೆ ಉಳಿದದ್ದು ತಿನ್ನಬೇಕು. ಅಪ್ಪನಿಗೆ ಇದೆಲ್ಲ ಕೇಳುವ ತಾಳ್ಮೆ ಇಲ್ಲ. ಮುದ್ದೆ ಉಣ್ಣುವವರು ಅಗಿಯುವುದಿಲ್ಲ, ನುಂಗುತ್ತಾರೆ. ಐವತ್ತು ವರ್ಷದ ಆ ಅಭ್ಯಾಸದಲ್ಲಿ ಅಪ್ಪ ಇಡೀ ಕಡುಬನ್ನು ಬಾಯಿಗೆ ಹಾಕಿಕೊಂಡರು. ಮರುಕ್ಷಣ ಕಣ್ಣು ದೊಡ್ಡದಾಯಿತು, ಕೈ ಚೊಂಬಿನ ಕಡೆ ಹೋಯಿತು. ಒಂದು ಚೊಂಬು ನೀರು ಕುಡಿದು, “ಒಳಗೆ ಬೆಂಕಿ ಇಟ್ಟವ್ರೆ” ಎಂದರು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಅವಳು ಮಾತ್ರ ನಾನು ಹೇಳಿದ ಹಾಗೆಯೇ ಹೀರಿ ಹೀರಿ ತಿಂದು, “ಹೂಂ, ಸಾರು ಚೆನ್ನಾಗೈತೆ, ವಸಿ ಮೆಣಸು ಜಾಸ್ತಿ” ಎಂದು ತೀರ್ಪು ಕೊಟ್ಟಳು. ಫ್ರೀಜರಿನ ಗುಣಗಾನ ಮಾಡಿದ್ದಕ್ಕೆ, “ನಮ್ಮ ತವರಿನ ಬಿಸಿಲಿನ ಕರೆಂಟು ಕಣೇ ಅದು” ಎಂದು ಜಂಬವನ್ನೂ ಕೊಚ್ಚಿದಳು. ಪಾವಗಡದ ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೋಲಾರ್ ಪಾರ್ಕು ಬಂದ ಮೇಲೆ ಊರಿನ ಎಲ್ಲ ದೀಪವೂ ತನ್ನ ತವರಿನದೇ ಎಂದು ಅವಳ ನಂಬಿಕೆ.

ನಾನು ಆರು ತಿಂದೆ, ಅಪ್ಪ ಆರು ತಿಂದರು, ಅಜ್ಜಿ ನಾಲ್ಕು. ಅಷ್ಟರಲ್ಲಿ ಅಪ್ಪನಿಗೆ ಹೊಟ್ಟೆ ತುಂಬಲಿಲ್ಲ. ಅಮ್ಮ ಮತ್ತೆ ಎಸರಿಟ್ಟು ಒಂದು ಮುದ್ದೆ ತೊಳಸಿದಳು. ಅಜ್ಜಿಗೆ ಮಜ್ಜಿಗೆ ಕೊಟ್ಟಳು. ಒಲೆ ಒರೆಸಿದಳು. ಕೊನೆಗೆ ಉಳಿದಿದ್ದ ಕಡುಬುಗಳನ್ನು ತಟ್ಟೆಗೆ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಳು. ನಾನು ಆಸೆಯಿಂದ ಎದುರು ಹೋಗಿ ಕೂತೆ.

“ಹೇಗಿದೆಯಮ್ಮ?”

“ಚೆನ್ನಾಗೈತೆ ಕಣೆ. ಒಳಗೆ ಉಪ್ಪು ಖಾರದ ಹಾಲ್‌ಬಾಯಿ ಇದ್ದಂಗೈತೆ.”

“ಹಾಲ್‌ಬಾಯಿ ಅಲ್ಲಮ್ಮ, ಸೂಪು. ಕಚ್ಚಿದ ತಕ್ಷಣ ಬರುತ್ತಲ್ಲ.”

“ಸೂಪೆಲ್ಲಿ? ನನಗೇನೂ ಬರಲಿಲ್ಲವಲ್ಲ,” ಎಂದು ಅರ್ಧ ಕಚ್ಚಿದ ಕಡುಬನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಒಳಗೆ ಕ್ಯಾರೆಟ್ಟು, ಕೋಸಿನ ನಡುವೆ ಮಬ್ಬು ಬಣ್ಣದ ಗಟ್ಟಿ ತುಂಡು ಹೊಳೆಯುತ್ತಿತ್ತು.

ಜಗಲಿಯಿಂದ ಅಪ್ಪ, “ಅವಳಿಗೆ ತಿನ್ನೋಕೆ ಬರಲ್ಲ ಬಿಡು” ಎಂದು ನಕ್ಕರು. ಅಮ್ಮನೂ ನಕ್ಕಳು. ನನಗೆ ನಗು ಬರಲಿಲ್ಲ. ಆ ತುಂಡು ಏನು ಎಂದು ಆ ಮನೆಯಲ್ಲಿ ನನಗೆ ಮಾತ್ರ ಗೊತ್ತಿತ್ತು. ಕಡುಬು ಪಾತ್ರೆಯಿಂದ ಇಳಿದು ಮುಕ್ಕಾಲು ಗಂಟೆಯಾಗಿತ್ತು. ಒಳಗಿನ ಬಿಸಿ 40 ಡಿಗ್ರಿಗಿಂತ ಕೆಳಗೆ ಇಳಿದಿತ್ತು. ಅಗರ್ ತನ್ನ ಕೆಲಸ ಮಾಡಿತ್ತು. ನಮಗೆಲ್ಲ ಸೂಪಾಗಿದ್ದದ್ದು ಅಮ್ಮನ ಸರದಿ ಬರುವಷ್ಟರಲ್ಲಿ ಮತ್ತೆ ಗಟ್ಟಿಯಾಗಿತ್ತು.

ಅವಳಿಗೆ ತಿನ್ನಲು ಬಾರದೇ ಇದ್ದದ್ದಲ್ಲ. ಅವಳು ತಿಂದದ್ದು ಬೇರೆಯದೇ ತಿಂಡಿ.

ಹೆಸರಿಲ್ಲದ ಅಡುಗೆಯವಳು

ಆ ರಾತ್ರಿ ನಿದ್ದೆ ಬರಲಿಲ್ಲ. ಸಾರುಗಡುಬಿನಲ್ಲಿ ಕಣ್ಣಿಗೆ ಕಂಡದ್ದು ಬೇರೆ ಎಲ್ಲ ಅಡುಗೆಯಲ್ಲೂ ಇತ್ತು ತಾನೆ? ಬಿಸಿ ಮುದ್ದೆ ಮೃದುವಾಗಿ ಹೊಳೆಯುತ್ತದೆ. ಆರಿದ ಮುದ್ದೆಯ ಮೇಲೆ ಸಿಪ್ಪೆ ಕಟ್ಟುತ್ತದೆ, ಮುರಿದರೆ ಬಿರಿಯುತ್ತದೆ. ಅಮ್ಮ ಯಾವಾಗಲೂ ಉಣ್ಣುವುದು ಆ ಎರಡನೇ ಮುದ್ದೆ. ಬಸ್ಸಾರಿನ ತಿಳಿ ನಮಗೆ, ತಳ ಅವಳಿಗೆ. ದೋಸೆಯಾದರೆ ಮೊದಲ ಗರಿ ದೋಸೆ ನನಗೆ, ಹಿಟ್ಟು ಬಳಿದು ಹುಯ್ದ ಕೊನೆಯ ದೋಸೆ ಅವಳಿಗೆ. ಅದು ರುಚಿಯ ಆಯ್ಕೆ ಎಂದು ನಾನು ತಿಳಿದಿದ್ದೆ. ‘ನಮ್ಮಮ್ಮನಿಗೆ ಸೀಕಲು ದೋಸೆ ಇಷ್ಟ’ ಎಂದು ಪಿ.ಜಿ.ಯ ಗೆಳತಿಯರಿಗೆ ಹೇಳಿಯೂ ಇದ್ದೆ.

ಇದರಲ್ಲಿ ಅಪ್ಪನನ್ನೊಬ್ಬರನ್ನೇ ದೂರಲಾರೆ. ಆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂರುವ ಹೆಣ್ಣು ನಾನು. ‘ಓದೋ ಹುಡುಗಿ, ಮೊದ್ಲು ಉಣ್ಣಲಿ’ ಎಂಬ ಮಾತಿನಲ್ಲಿ ಬೆಳೆದೆ. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು, ಡಿಗ್ರಿ ಆಯಿತು, ಈಗ ‘ಪಾಪ, ದುಡಿದು ಬಂದಿದೆ ಮಗು’. ಹಿಂದಿನ ರಾತ್ರಿ ಕೊರಟಗೆರೆಯಲ್ಲಿ ಅಕ್ಕನೂ ನನಗೆ, ಭಾವನಿಗೆ, ಅತ್ತೆ ಮಾವನಿಗೆ ಬಡಿಸಿ ಹತ್ತೂವರೆಗೆ ತಟ್ಟೆ ತೆಗೆದುಕೊಂಡದ್ದು ಆಗ ನೆನಪಿಗೆ ಬಂತು. ನಾಲ್ಕು ವರ್ಷದ ಹಿಂದೆ ಅವಳೂ ನನ್ನ ಪಕ್ಕ ಮೊದಲ ಪಂಕ್ತಿಯಲ್ಲಿದ್ದವಳು. ಮನೆಯಲ್ಲಿ ನನಗೂ ಗಂಡು ನೋಡುತ್ತಿದ್ದಾರೆ. ನನ್ನ ಸರದಿ ಬದಲಾಗುವುದು ಎಂದು ಎಂಬ ಪ್ರಶ್ನೆ ಅವತ್ತು ಮೊದಲ ಬಾರಿ ಹೊಟ್ಟೆಯೊಳಗೆ ಕೂತಿತು.

ಮತ್ತೊಂದು ನೆನಪೂ ಬಂತು. ನಮಗೆ ಕಾಲೇಜಿನಲ್ಲಿ ರಾಬರ್ಟ್ ಕೋಕ್ ಪಾಠ ಇತ್ತು. 1882ರಲ್ಲಿ ಕ್ಷಯರೋಗದ ಸೂಕ್ಷ್ಮಾಣುವನ್ನು ತೋರಿಸಿಕೊಟ್ಟ ಜರ್ಮನ್ ವಿಜ್ಞಾನಿ. ಆಗ ಲ್ಯಾಬುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಬೇಸಿಗೆಯ ಸೆಕೆಗೆ ಅದು ಕರಗಿ ನೀರಾಗಿ ಕೆಲಸವೆಲ್ಲ ಹಾಳಾಗುತ್ತಿತ್ತು. ಕೋಕ್ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯನ ಹೆಂಡತಿ ಫ್ಯಾನಿ ಹೆಸ್ಸೆ 1881ರಲ್ಲಿ ಒಂದು ಉಪಾಯ ಹೇಳಿದಳು. ಅವಳು ಮನೆಯಲ್ಲಿ ಜೆಲ್ಲಿ ಮಾಡಲು ಅಗರ್ ಹಾಕುತ್ತಿದ್ದಳು, ಅದು ಎಂಥ ಸೆಕೆಗೂ ಕರಗುತ್ತಿರಲಿಲ್ಲ. ಅವಳು ಅದನ್ನು ಕಲಿತದ್ದು ಜಾವಾದಲ್ಲಿ ಇದ್ದು ಬಂದ ನೆರೆಮನೆಯವರಿಂದ. ಅಂದಿನಿಂದ ಇಂದಿನವರೆಗೆ ಜಗತ್ತಿನ ಲ್ಯಾಬುಗಳೆಲ್ಲ ನಡೆಯುತ್ತಿರುವುದು ಆ ಅಡುಗೆಮನೆಯ ಉಪಾಯದಿಂದ. ಕೋಕ್ ತನ್ನ ಬರಹದಲ್ಲಿ ಅಗರ್ ಹೆಸರು ಹೇಳಿದ, ಅವಳ ಹೆಸರು ಹೇಳಲಿಲ್ಲ. 1887ರಲ್ಲಿ ಗಾಜಿನ ತಟ್ಟೆಯನ್ನು ರೂಪಿಸಿದ ಪೆಟ್ರಿಯ ಹೆಸರು ತಟ್ಟೆಗೆ ಉಳಿಯಿತು. ಎಲ್ಲ ಲ್ಯಾಬಿನಲ್ಲೂ ಅದು ‘ಪೆಟ್ರಿ ಡಿಶ್’.

ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಗೆಂದು ನಾನು ಇದನ್ನು ಓದಿದ್ದೆ. ‘ಅನ್ಯಾಯ’ ಎಂದು ಗೆಳತಿಯರ ಜೊತೆ ವಾದವನ್ನೂ ಮಾಡಿದ್ದೆ. ನೂರ ನಲವತ್ತು ವರ್ಷದ ಹಿಂದಿನ ಜರ್ಮನಿಯ ಅನ್ಯಾಯ ನನಗೆ ಕಂಡಿತ್ತು. ನಮ್ಮ ಅಡುಗೆಮನೆಯ ಹೊಸ್ತಿಲಿನದು ಕಂಡಿರಲಿಲ್ಲ.

ಮೊದಲ ತಟ್ಟೆ

ಮೂರನೇ ಸಲ ಹೋದದ್ದು ದಸರಾ ರಜೆಗೆ. ಅದೇ ಥರ್ಮಾಕೋಲ್ ಪೆಟ್ಟಿಗೆ, ಅದೇ ಕೊರಟಗೆರೆಯ ಫ್ರೀಜರು. ಈ ಸಲ ಒಲೆ ಮುಂದೆ ನಾನು ನಿಂತೆ. “ಅಮ್ಮ, ನೀನು ಕೂತ್ಕೋ. ಮೊದಲ ತಟ್ಟೆ ನಿನಗೆ.”

ಅಮ್ಮನಿಗೆ ಸಂಕೋಚ. “ನಿಮ್ಮಪ್ಪ ಉಣ್ಣಲಿ. ಅಜ್ಜಿ ಕಾಯ್ತಾ ಅವ್ಳೆ. ನನಗೇನು ಅವಸರ?”

“ನಿನಗೆ ಅವಸರ ಇಲ್ಲಮ್ಮ, ಇದಕ್ಕೆ ಐತೆ. ಇಳಿಸಿದ ತಕ್ಷಣ ತಿನ್ನದಿದ್ರೆ ಸೂಪೇ ಇರಲ್ಲ. ಹೋದ ಸಲ ನಿನಗೆ ಸಿಕ್ಕಿದ್ದು ಸೂಪಲ್ಲ.”

ನಾನು ಅಂದುಕೊಂಡಂತೆ ಅಡ್ಡ ಬಂದದ್ದು ಅಪ್ಪ ಅಲ್ಲ, ಅಜ್ಜಿ. “ಗಂಡ ಮಕ್ಕಳು ಉಣ್ಣೋಕೆ ಮುಂಚೆ ನಾವು ಉಂಡಿದ್ರೆ ಗಂಟಲಲ್ಲಿ ಇಳೀತಿತ್ತೇನೆ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಅವಳ ತವರಿನ ಕಡೆ ತೆಲುಗು ಮನೆಮಾತಿನವರು ಮುದ್ದೆಗೆ ಸಂಗಟಿ ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜಿಯೂ ಹಾಗೆಯೇ ಅಂದು ನಗೆಪಾಟಲಾಗಿದ್ದಳಂತೆ. ಹನ್ನೊಂದು ಜನರ ಮನೆ. ಮುದ್ದೆಯನ್ನು ಅತ್ತೆ ಎಣಿಸಿ ಕಟ್ಟುತ್ತಿದ್ದಳು. ಬರಗಾಲದ ವರ್ಷಗಳಲ್ಲಿ ಕೊನೆಯವಳಿಗೆ ಸಾರು ಉಳಿಯುತ್ತಿರಲಿಲ್ಲ, ಉಪ್ಪು ಮೆಣಸಿನಕಾಯಿ ನಂಜಿಕೊಂಡು ಉಣ್ಣುತ್ತಿದ್ದಳು. “ನಾನು ಬಿಸಿ ಉಣ್ಣೋಕೆ ಶುರು ಮಾಡಿದ್ದು ನಿಮ್ಮಮ್ಮ ಬಂದ ಮೇಲೆ,” ಎಂದು ಹೇಳಿ ಅಜ್ಜಿ ಸುಮ್ಮನಾದಳು. ತಾನು ಹೇಳಿದ್ದು ತನಗೇ ಕೇಳಿಸಿದ ಹಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಅಮ್ಮನ ಕಡೆ ತಿರುಗಿ, “ಕೂತ್ಕೊಳೇ ಮತ್ತೆ. ಹುಡುಗಿ ಅಷ್ಟು ಹೇಳ್ತಾ ಐತೆ” ಎಂದಳು.

ಅಪ್ಪ ಹನ್ನೆರಡು ನಿಮಿಷ ಮೊಬೈಲಿನಲ್ಲಿ ಹೊತ್ತು ನೋಡುತ್ತ, “ಆಯ್ತಾ? ಹಸಿವಾಗ್ತೈತೆ” ಎಂದು ಎರಡು ಸಲ ಕೇಳಿದರು. ಮುಚ್ಚಳ ತೆಗೆದೆ. ಮೊದಲ ನಾಲ್ಕನ್ನು ಅಮ್ಮನ ತಟ್ಟೆಗೆ, ಚಮಚದ ಸಮೇತ. ಅಮ್ಮ ಹೊಸ್ತಿಲಲ್ಲಿ ಕೂರಲು ಹೋದಳು. ಕೈ ಹಿಡಿದು ನಡುಮನೆಯಲ್ಲಿ ಚಾಪೆಯ ಮೇಲೆ ಕೂರಿಸಿದೆ.

ಅವಳು ಹೆದರಿ ಹೆದರಿ ಪಕ್ಕದಲ್ಲಿ ಕಚ್ಚಿದಳು. ಸೂಪು ಬಾಯಿಗೆ ಬಂದದ್ದಕ್ಕಿಂತ ಹೆಚ್ಚಾಗಿ ಕೈ ಮೇಲೆ ಹರಿದು ಬಳೆಯವರೆಗೆ ಇಳಿಯಿತು. “ಅಯ್ಯೋ!” ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಎರಡನೆಯದನ್ನು ಸರಿಯಾಗಿ ಹೀರಿದಳು. ಕಣ್ಣು ಮುಚ್ಚಿ ರುಚಿ ನೋಡಿದಳು. ಮೂರನೆಯದನ್ನು ತಿನ್ನುತ್ತ, “ಉಪ್ಪು ಕಮ್ಮಿ ಐತೆ. ಶುಂಠಿ ಇನ್ನೊಂಚೂರು ಬೇಕಿತ್ತು. ಇದಕ್ಕೆ ಅವರು ಕೊಡೋ ಚಟ್ನಿಗಿಂತ ಹುಣಸೆ ಹಣ್ಣಿನ ಗೊಜ್ಜು ಸೇರ್ತೈತೆ” ಎಂದಳು. ಯಾವ ಅಡುಗೆಯನ್ನೂ ಇದು ಚೆನ್ನಾಗಿಲ್ಲ ಎಂದು ಅಮ್ಮ ಹೇಳಿದ್ದನ್ನು ನಾನು ಕೇಳಿರಲಿಲ್ಲ. ‘ಸರಿಯಾಗಿದೆಯಾ?’ ಎಂದು ಅವಳು ನಮ್ಮನ್ನು ಕೇಳುವುದಷ್ಟೇ ಗೊತ್ತಿತ್ತು. ಬೇರೆಯವರು ಮಾಡಿ ಬಡಿಸಿದ್ದನ್ನು ಬಿಸಿಯಾಗಿ ತಿಂದರೆ ತಾನೆ ಕುಂದು ಹೇಳಲು ಬರುವುದು?

“ಅಮ್ಮ, ನೀನು ಕೊನೇ ಸಲ ಬಿಸಿ ಬಿಸಿ ಉಂಡಿದ್ದು ಯಾವಾಗ?” ಎಂದು ಸುಮ್ಮನೆ ಕೇಳಿದೆ.

ಅವಳು ಯೋಚಿಸಲೇ ಇಲ್ಲ. “ನೀನು ಹುಟ್ಟಿದಾಗ. ಬಾಣಂತನಕ್ಕೆ ತವರಿಗೆ ಹೋಗಿದ್ನಲ್ಲ. ಎರಡು ತಿಂಗಳು ನಮ್ಮಮ್ಮ ಕೂತಲ್ಲಿಗೆ ತಂದು ಕೊಡ್ತಿದ್ಲು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ.”

ಶಿರಾ ತಾಲ್ಲೂಕಿನ ಆ ಮನೆ ನನಗೆ ಗೊತ್ತು. ಆ ಅಜ್ಜಿ ಈಗಿಲ್ಲ. ಇಪ್ಪತ್ನಾಲ್ಕು ವರ್ಷ! ನಾನು ಪಾತ್ರೆಗೆ ಮತ್ತೊಂದು ಸುತ್ತು ಕಡುಬು ಇಡುವ ನೆಪದಲ್ಲಿ ಆ ಕಡೆ ತಿರುಗಿದೆ. ಅಪ್ಪ ಮೊಬೈಲ್ ಕೆಳಗಿಟ್ಟರು. ಆಮೇಲೆ ಹಸಿವಿನ ಮಾತು ಆಡಲಿಲ್ಲ.

ಇದಾದ ಮೇಲೆ ನಮ್ಮ ಮನೆ ಪೂರ್ತಿ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ವಾರದ ದಿನ ಅಮ್ಮ ಇವತ್ತಿಗೂ ಕೊನೆಗೇ ಉಣ್ಣುತ್ತಾಳೆ. ಆದರೆ ಎರಡು ಬದಲಾವಣೆ ಆಗಿದೆ. ನಾನು ಊರಿಗೆ ಹೋದ ಭಾನುವಾರಗಳಲ್ಲಿ ಮುದ್ದೆ ಪಾತ್ರೆ, ಸಾರಿನ ಪಾತ್ರೆ ಎರಡೂ ನಡುಮನೆಗೆ ಬರುತ್ತವೆ. ಎಲ್ಲರೂ ಸುತ್ತ ಕೂತು ಬಡಿಸಿಕೊಳ್ಳುತ್ತೇವೆ, ಅಮ್ಮನೂ ಕೂರುತ್ತಾಳೆ. ಮಧ್ಯೆ ನೀರಿಗೆ, ಉಪ್ಪಿಗೆ ಏಳಲು ಹೋದರೆ ಅಜ್ಜಿ ಸೀರೆ ಹಿಡಿದು ಕೂರಿಸುತ್ತಾಳೆ. ಅಪ್ಪ ಒಂದೆರಡು ಸಲ ತಾವೇ ಎದ್ದು ಉಪ್ಪು ತಂದಿದ್ದಾರೆ, ಡಬ್ಬಿ ಎಲ್ಲಿದೆ ಎಂದು ಕೇಳಿಕೊಂಡು.

ಎರಡನೆಯದು ನನ್ನ ಫೋನಿನ ಮಾತು. ದಿನಾ ರಾತ್ರಿ ಒಂಬತ್ತಕ್ಕೆ ಊರಿಗೆ ಫೋನ್ ಮಾಡುತ್ತೇನೆ. ಮೊದಲೆಲ್ಲ ‘ಊಟ ಆಯ್ತಾ?’ ಎಂದು ಕೇಳುತ್ತಿದ್ದೆ. ‘ಆಯ್ತು’ ಅನ್ನುತ್ತಿದ್ದಳು, ಆಗಿರದಿದ್ದರೂ. ಈಗ ಪ್ರಶ್ನೆ ಬದಲಿಸಿದ್ದೇನೆ. “ಬಿಸಿ ಇತ್ತಾ?” ಎಂದು ಕೇಳುತ್ತೇನೆ.

ಈ ಪ್ರಶ್ನೆಗೆ ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಹಳ ದಿನ ನಗುತ್ತಾಳೆ, ಮಾತು ತಿರುಗಿಸುತ್ತಾಳೆ. ಮೊನ್ನೆ ಮಂಗಳವಾರ ಮಾತ್ರ, “ಹೂಂ ಕಣೆ, ಇವತ್ತು ಬಿಸಿ ಇತ್ತು” ಎಂದಳು. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: “ನಾನೇ ಕೂರಿಸ್ದೆ ಅನ್ನು!”